ಹಳದಿ ಶಾಲಿನ ಕಿಟಕಿ

ಮನೆಯಿಂದ, ಅಡುಗೆಮನೆಯ ಮೇಜಿನ ಮೇಲೆ
ತಾರೀಖು ಹನ್ನೊಂದು, ಗುರುವಾರ ಮಧ್ಯಾಹ್ನ

ಪ್ರೀತಿಯ ಇವಳೇ,

ಹೇಗಿದ್ದೀಯ? ಸಂಜೆ ಹೊತ್ತಿನ ಜ್ವರ ಇಳಿಯಿತಾ, ಇಲ್ಲ ಕೊನೆ ಸ್ಟಾಪು ಬಂದರೂ ಇಳಿಯದ ಪ್ರಯಾಣಿಕನ ಹಾಗೆ ಕೂತೇ ಇದೆಯಾ? ಕೆಮ್ಮಿದಾಗ ಬಲಗಡೆ ಪಕ್ಕೆ ಇನ್ನೂ ಹಿಡಿಯುತ್ತದಾ? ತಲೆ ಎತ್ತರಕ್ಕೆ ಬರುವ ಹಾಗೆ ದಿಂಬು ಮಡಚಿ ಇಟ್ಟುಕೊಳ್ಳುತ್ತಿದ್ದೀಯಾ? ಇದಕ್ಕೆಲ್ಲ ನೀನು ಉತ್ತರ ಬರೆಯುವ ಹಾಗಿಲ್ಲ ಅಂತ ಗೊತ್ತು. ನಿಮ್ಮ ಅಂಟುರೋಗದ ಆಸ್ಪತ್ರೆಯೊಳಕ್ಕೆ ಕಾಗದ ಹೋಗಬಹುದು, ಒಳಗಿಂದ ಒಂದು ಚೀಟಿಯೂ ಹೊರಗೆ ಬರುವ ಹಾಗಿಲ್ಲ. ಮದುವೆಯಾದಾಗಿನಿಂದ ಇದೇ ಮೊದಲು ನಾನು ಮಾತಾಡಿ ನೀನು ಎದುರು ಮಾತಾಡದೆ ಇರುವುದು. ಇಷ್ಟು ದಿನ ಇದಕ್ಕೇ ಆಸೆಪಟ್ಟಿದ್ದೆ ಅಂತ ಎಷ್ಟು ಸಲ ತಮಾಷೆ ಮಾಡಿದ್ದೆ ಅಲ್ವಾ, ಈಗ ಅನುಭವಿಸುತ್ತಿದ್ದೇನೆ. ವಾರ್ಡಿನ ಸಿಸ್ಟರ್ ಎಲ್ಲ ಹೇಳಿದರು. ಇಂಜೆಕ್ಷನ್ ಹಾಕಿಸಿಕೊಳ್ಳುತ್ತೀಯಂತೆ, ಗಂಜಿ ನಾಲ್ಕು ಚಮಚ ಕುಡಿಯುತ್ತೀಯಂತೆ, ಮಾತ್ರೆ ಮಾತ್ರ ಬೇಡ ಅನ್ನುತ್ತೀಯಂತೆ. ಮಾತ್ರೆ ಮಾತ್ರ. ಇದು ನಾನು ಬೇಕಂತ ಮಾಡಿದ ಜೋಕಲ್ಲ, ಸಿಸ್ಟರ್ ಬಾಯಲ್ಲಿ ತಾನಾಗೇ ಬಂತು. ನಗು ಬರಲಿಲ್ಲ. ಬಾಯಿ ಬಿಗಿದುಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ, "ಅವರೇ ಬರೋದು ಬಿಟ್ಟರು, ಇನ್ನು ಇದನ್ನ ನುಂಗಿ ಯಾರಿಗೋಸ್ಕರ ಬದುಕಲಿ" ಅಂತಾರೆ ಅಂದರು. ಇನ್ನೊಂದು ವಾರ ಹೀಗೇ ಬಿಟ್ಟರೆ ಆಮೇಲೆ ಆ ಮಾತ್ರೆಯೂ ಕೆಲಸ ಮಾಡುವುದಿಲ್ಲ, ಅದನ್ನು ಬಿಟ್ಟು ಬೇರೆ ಮದ್ದೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ.

ಇವಳೇ, ನಾನು ಬರುವುದನ್ನು ಬಿಟ್ಟಿಲ್ಲ. ಒಂದು ಸಲವೂ ತಪ್ಪಿಸಿಲ್ಲ. ಬಂದೆ, ಕುಣಿದೆ, ಹೋದೆ. ಬಂದದ್ದು ಮಾತ್ರ ನೀನಿಲ್ಲದ ಕಿಟಕಿಗೆ. ಅದು ಹೇಗಾಯಿತು ಅಂತ ಹೇಳಲಿಕ್ಕೇ ಈ ಕಾಗದ. ಅರ್ಧಕ್ಕೆ ಮಡಚಿ ದಿಂಬಿನ ಕೆಳಗೆ ಇಡಬೇಡ, ಪೂರ್ತಿ ಓದು.

ಮೊದಲು ಮನೆ ಸುದ್ದಿ. ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ, ರಿಪೇರಿಯವನು ಬಂದು ನೋಡಿ, ತಲೆ ಕೆರೆದುಕೊಂಡು, ನಲ್ಲಿಗಿಂತ ಜಾಸ್ತಿ ತಾನೇ ಬೆವರು ತೊಟ್ಟಿಕ್ಕಿಸಿ ಹೋದ. ಮಗಳು ಭಾನುವಾರ ಬಂದು ಅಡುಗೆಮನೆ ತೊಳೆದಳು. ನನ್ನ ಮಂಡಿ ನೋಡಿ, "ಅಪ್ಪಾ, ಇನ್ನು ಮೇಲೆ ಬಸ್ಸಿನ ಮೆಟ್ಟಿಲು ಹತ್ತಿದರೆ ನಿಮ್ಮನ್ನೂ ಅಮ್ಮನ ಪಕ್ಕದ ಮಂಚಕ್ಕೆ ಹಾಕಿಸ್ತೀನಿ" ಅಂತ ಬೈದಳು. ಹಾಗಾದರೆ ಇವತ್ತೇ ಹಾಕಿಸು ಅಂದೆ. ಪಾಪ, ಅತ್ತುಬಿಟ್ಟಳು. ನನ್ನ ಜೋಕು ಈಗೀಗ ಹೀಗೇ ಆಗುತ್ತಿದೆ, ನಗಲಿ ಅಂತ ಎಸೆದದ್ದು ಹೋಗಿ ಕಣ್ಣಿಗೆ ಬೀಳುತ್ತದೆ. ಪಕ್ಕದ ಮನೆ ಬೆಕ್ಕು ಎಂದಿನ ಹಾಗೆ ನಿನ್ನ ಮಂಚದ ಮೇಲೆ, ನಿನ್ನ ಜಾಗದಲ್ಲೇ ಮಲಗುತ್ತದೆ. ಓಡಿಸುತ್ತಿಲ್ಲ. ಮಂಚ ಖಾಲಿ ಇರುವುದಕ್ಕಿಂತ ನೀನು ದ್ವೇಷಿಸುವ ಬೆಕ್ಕಾದರೂ ಇರಲಿ. ಈ ಬೆಕ್ಕನ್ನು ನೆನಪಿಟ್ಟುಕೋ, ಮುಂದೆ ಬರುತ್ತದೆ.

ನಾವಿಬ್ಬರೂ ಮಾಡಿಕೊಂಡಿದ್ದ ಏರ್ಪಾಡು ನಿನಗೆ ಗೊತ್ತಿರುವುದೇ. ಆದರೆ ನೀನು ನೋಡಿದ್ದು ಗಾಜಿನ ಆ ಕಡೆಯಿಂದ, ಈ ಕಡೆ ಏನು ನಡೆಯುತ್ತಿತ್ತು ಅಂತ ನಿನಗೇನು ಗೊತ್ತು? ಒಳಗೆ ಬಿಡುವುದಿಲ್ಲ ಅಂದಾಗ ಆಸ್ಪತ್ರೆಯ ಗೋಡೆ ಸುತ್ತ ಹಗಲೆಲ್ಲ ಸುತ್ತಿದೆ. ಕಾಂಪೌಂಡು ಎಷ್ಟು ಎತ್ತರ ಅಂದರೆ ಕೆಳಗಿನಿಂದ ಬರೀ ಆಕಾಶ ಕಾಣುತ್ತದೆ, ಸದ್ಯಕ್ಕೆ ನನಗದು ಬೇಕಿರಲಿಲ್ಲ. ಆವಾಗಲೇ ಡಬಲ್ ಡೆಕ್ಕರ್ ಬಸ್ಸು ಬಂದು ಸಿಗ್ನಲ್ಲಿನಲ್ಲಿ ನಿಂತದ್ದು. ನೋಡುತ್ತೇನೆ, ಅದರ ಮೇಲಿನ ಕಿಟಕಿ ಸರಿಯಾಗಿ ನಿಮ್ಮ ಮಹಡಿಯ ಕಿಟಕಿಯ ಮಟ್ಟಕ್ಕಿದೆ. ಡಿಪೋದಲ್ಲಿ ಅಷ್ಟು ವರ್ಷ ಬಸ್ಸಿನ ಬೋರ್ಡು ಬರೆದವನು ನಾನು, ಬಸ್ಸಿನೊಳಗೆ ಕೂತು ಎಲ್ಲಿಗೂ ಹೋದವನಲ್ಲ. ಮಾರನೇ ದಿನ ಕೈಕಂಬಿ ಹಿಡಿದು ಮಂಡಿ ಎಳೆದುಕೊಂಡು ಮೇಲೆ ಹತ್ತಿದೆ. ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತ ಕ್ಷಣ ನನ್ನ ಅಂತಸ್ತೇ ಏರಿದ ಹಾಗಾಯಿತು. ಸಿಗ್ನಲ್ಲು ಕೆಂಪಾಯಿತು. ರಸ್ತೆಯ ಆಚೆ, ಮರದ ಕೊಂಬೆಯ ಸಂದಿಯಲ್ಲಿ, ಹಳದಿ ಶಾಲು ಹೊದ್ದು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ನೀನು ಕೂತಿದ್ದೆ. ನಾನು ಕೈ ಬೀಸಿದೆ. ನೀನು ಮೊದಲು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಿಗೋ ಬೀಸುತ್ತಿದ್ದಾನೆ ಅಂತ. ಆಮೇಲೆ ಎದ್ದು ನಿಂತೆ ನೋಡು, ಆ ನಿಲುವು ನನಗೆ ಸಾಯುವವರೆಗೂ ಸಾಕು.

ಅಲ್ಲಿಂದ ಮುಂದೆ ವಾರಕ್ಕೆ ಮೂರು ಸಲ ಅದೇ ಬಸ್ಸು. ಕಂಡಕ್ಟರಮ್ಮ ನಿನಗೆ ಗೊತ್ತಿಲ್ಲ, ಗಟ್ಟಿ ದನಿಯ ಹೆಂಗಸು, ಅವಳು ಟಿಕೆಟ್ ಅಂದರೆ ನಿದ್ದೆಯಲ್ಲಿದ್ದವನೂ ಜೇಬು ತಡಕುತ್ತಾನೆ. ನಾನು ಬೋರ್ಡು ಬರೆಯುತ್ತಿದ್ದವನು ಅಂತ ತಿಳಿದ ಮೇಲೆ, "ಎಲ್ಲಿಗೋ ಅಂತ ಬೋರ್ಡು ಬರೆದು ಬಸ್ಸಿಗೆ ಸಿಕ್ಕಿಸಿದ ಪುಣ್ಯಾತ್ಮರು ನೀವೇನಾ" ಅಂತ ಕೇಳಿದಳು. ಇವಳೇ, ಆ ಕಥೆ ಇನ್ನೂ ಡಿಪೋದಲ್ಲಿ ಓಡಾಡುತ್ತಿದೆ! 'ಎಲ್ಲಿಗೋ' ಅಂತ ಬರೆದಿದ್ದರೂ ಆವತ್ತು ಬಸ್ಸು ತುಂಬಿ ತುಳುಕಿತ್ತು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅವಳು ನನಗಾಗಿ ಮುಂದಿನ ಸೀಟಿನ ಮೇಲೆ ತನ್ನ ಚೀಲ ಇಟ್ಟಿರುತ್ತಿದ್ದಳು. ಡ್ರೈವರು ಸಿಡುಕ, ಯಾರ ಮಾತೂ ಕೇಳದವನು, ಅವನೂ ಆಸ್ಪತ್ರೆ ಹತ್ತಿರ ಬರುತ್ತಿದ್ದ ಹಾಗೆ ವೇಗ ತಗ್ಗಿಸಿ ಬೇಕಂತಲೇ ಕೆಂಪು ದೀಪಕ್ಕೆ ಸಿಕ್ಕಿಕೊಳ್ಳುತ್ತಿದ್ದ. ದೀಪ ಹಸಿರಾದರೂ ಕಂಡಕ್ಟರಮ್ಮ ಗಂಟೆ ಹೊಡೆಯುತ್ತಿರಲಿಲ್ಲ, ನಾನು ಕೈ ಇಳಿಸುವ ತನಕ. ಹಿಂದಿನ ಗಾಡಿಗಳು ಹಾರನ್ನು ಹೊಡೆದೂ ಹೊಡೆದೂ ಕಿವಿ ತೂತು ಮಾಡುತ್ತಿದ್ದವು. ಅಷ್ಟರಲ್ಲಿ ನಾನು ರಟ್ಟಿನ ಮೂಗು ಹಾಕಿಕೊಳ್ಳಬೇಕು, ಮೀಸೆ ಅಂಟಿಸಿಕೊಳ್ಳಬೇಕು, ದಪ್ಪ ಅಕ್ಷರದಲ್ಲಿ ಬರೆದು ತಂದ ರಟ್ಟು ಗಾಜಿಗೆ ಒತ್ತಿ ಹಿಡಿಯಬೇಕು. ಮೊದಲ ರಟ್ಟು ನೆನಪಿದೆಯಾ? 'ಬಸ್ಸಿಗೆ ಕಾದು ಬಸವಳಿದ ಗಂಡ.' ಆವತ್ತು ನೀನು ಬೆರಳು ಅಲ್ಲಾಡಿಸಿ ನಿನ್ನ ಕಿವಿ ನೀನೇ ಹಿಂಡಿಕೊಂಡು ತೋರಿಸಿದೆ, ಮನೆಗೆ ಬಂದು ನಿಮ್ಮ ಕಿವಿ ಹೀಗೆ ಹಿಂಡುತ್ತೀನಿ ಅಂತ. ಮೇಲಂತಸ್ತಿನ ಜನ ಎಲ್ಲ ನಕ್ಕರು. ಮಾತಿಲ್ಲದೆ ಬೈಯುವುದನ್ನು ನಿನ್ನಿಂದ ಕಲಿಯಬೇಕು.

ಈಗ ಕೇಳು. ಹೋದ ತಿಂಗಳ ನಡುವಿನಿಂದ ನೀನು ಬೈಯುವುದನ್ನು ನಿಲ್ಲಿಸಿದೆ. ಹಳದಿ ಶಾಲು ಅಲ್ಲೇ ಇತ್ತು, ಮಾಸ್ಕು ಅದೇ, ಎಲ್ಲರಿಗೂ ಕೊಡುವ ಆ ಹಸಿರು ಅಂಗಿ ಅದೇ. ಏನು ತೋರಿಸಿದರೂ ಕೈ ಬೀಸುತ್ತೀ, ತಲೆ ಆಡಿಸುತ್ತೀ. ಹಳೇ ಜೋಕನ್ನೇ ಎರಡನೇ ಸಲ ತೋರಿಸಿದರೂ ಹೊಸದು ಅನ್ನುವ ಹಾಗೆ ಭುಜ ಕುಣಿಸಿ ನಗುತ್ತೀ. ಅನುಮಾನ ಬರಬೇಕಿತ್ತು. ಇಷ್ಟು ವರ್ಷದಲ್ಲಿ ನನ್ನ ಜೋಕಿಗೆ ನೀನು ಮೊದಲನೇ ಸಲವೇ ನಕ್ಕಿಲ್ಲ! ಬರಲಿಲ್ಲ, ಯಾಕೆ ಅಂದರೆ ನನಗೆ ಖುಷಿಯಾಗುತ್ತಿತ್ತು. ಕೊನೆಗೂ ಇವಳಿಗೆ ನನ್ನ ಬೆಲೆ ಗೊತ್ತಾಯಿತು ಅಂದುಕೊಂಡೆ, ಕಾಯಿಲೆಯಾದರೂ ಒಂದು ಒಳ್ಳೇ ಕೆಲಸ ಮಾಡಿತು ಅಂತ ಕಂಡಕ್ಟರಮ್ಮನ ಹತ್ತಿರ ಕೊಚ್ಚಿಕೊಂಡೆ. ಆಮೇಲೆ ಒಂದು ದಿನ ನಿನ್ನನ್ನು ಕೆಣಕೋಣ ಅಂತ ಆ ಬೆಕ್ಕಿನ ರಟ್ಟು ಮಾಡಿದೆ. 'ನಿನ್ನ ಮಂಚದ ಮೇಲೆ ಬೆಕ್ಕು ಮಲಗಿದೆ' ಅಂತ ಬರೆದು ಕೆಳಗೆ ಬೆಕ್ಕಿನ ಚಿತ್ರ, ಅದಕ್ಕೆ ನಿನ್ನ ಕನ್ನಡಕ. ಈ ಸಲ ಎರಡೂ ಕಿವಿ ಹಿಂಡುತ್ತಾಳೆ ಅಂತ ಕಾದೆ. ಶಾಲಿನೊಳಗಿಂದ ಎರಡು ಕೈ ಬಂದವು. ಚಪ್ಪಾಳೆ ತಟ್ಟಿದವು.

ಚಪ್ಪಾಳೆ! ಜ್ವರ ತಲೆಗೇರಿ ಇವಳಿಗೆ ಬೆಕ್ಕು ಮರೆತುಹೋಗಿದೆ, ನಾಳೆ ನಾನು ಮರೆತುಹೋಗುತ್ತೇನೆ ಅಂದುಕೊಂಡೆ. ಮುಂದಿನ ಸ್ಟಾಪಿನಲ್ಲಿ ಇಳಿದು ಕುಂಟಿಕೊಂಡೇ ವಾಪಸು ಬಂದೆ. ಗೇಟಿನವನು, ಅದೇ ದಪ್ಪ ಮೀಸೆಯವನು, ಎಂದಿನಂತೆ "ಒಳಗೆ ಬಿಡೋ ಹಾಗಿಲ್ಲ ಯಜಮಾನ್ರೇ" ಅಂದ. ಅಲ್ಲೇ ಅವನ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಾನು ಏಳುವುದಿಲ್ಲ ಅಂತ ಖಾತ್ರಿಯಾದ ಮೇಲೆ ಒಳಗೆ ಹೇಳಿ ಕಳಿಸಿದ. ಸಿಸ್ಟರ್ ಬಂದು ಸರಳಿನ ಆಚೆ ನಿಂತರು. ನನ್ನ ಹೆಂಡತಿಯ ತಲೆ ಸರಿಯಿದೆಯಾ ಅಂತ ಕೇಳಿದೆ. "ಯಾರು, ಹಿಂದಿನ ವಾರ್ಡಿಗೆ ಹೋದೋರಾ? ತಲೆ ಸರಿಯಾಗೇ ಇದೆ, ಮನಸ್ಸು ಸರಿಯಿಲ್ಲ" ಅಂದರು. ಹಿಂದಿನ ವಾರ್ಡು ಅಂದರೆ ಕಾಯಿಲೆ ಜೋರಾದವರ ಜಾಗ ಅಂತ ನನಗೆ ಗೊತ್ತು, ಅವರು ಬಿಡಿಸಿ ಹೇಳಲಿಲ್ಲ. ನಿನ್ನನ್ನು ಅಲ್ಲಿಗೆ ಸಾಗಿಸಿ ಮೂರು ವಾರ ಆಗಿತ್ತು. ಮನೆಯವರಿಗೆ ಗೇಟಿನಲ್ಲಿ ಹೇಳಿರುತ್ತಾರೆ ಅಂತ ವಾರ್ಡಿನವರು, ವಾರ್ಡಿನವರೇ ಹೇಳಿಕಳಿಸಿರುತ್ತಾರೆ ಅಂತ ಗೇಟಿನವನು. ಹಾಗಾದರೆ ಕಿಟಕಿಯಲ್ಲಿ ಹಳದಿ ಶಾಲು ಹೊದ್ದವರು ಯಾರು ಅಂದೆ. ನನ್ನ ಕೈಯಲ್ಲಿದ್ದ ರಟ್ಟು ನೋಡಿದ ಮೇಲೆ ಸಿಸ್ಟರ್ ಹೇಳಿದರು. ನಿನ್ನ ಪಕ್ಕದ ಮಂಚದವಳು. ಹೋಗುವಾಗ ಅವಳು ನಡುಗುತ್ತಿದ್ದಳು ಅಂತ ನೀನೇ ಶಾಲು ಹೊದಿಸಿ ಹೋದೆಯಂತೆ, ಹಿಂದಿನ ವಾರ್ಡು ಬೆಚ್ಚಗಿರುತ್ತೆ, ನನಗೆ ಬೇಡ ಅಂತ.

ಇವಳೇ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಶಾಲು ಕೊಟ್ಟವಳು ನೀನು, ಅದರ ಅಂಚಿಗೆ ಗಂಡನೂ ಅಂಟಿಕೊಂಡು ಹೋಗುತ್ತಾನೆ ಅಂತ ನಿನಗೇನು ಗೊತ್ತಿತ್ತು? ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲವಂತೆ. ಗಾರ್ಮೆಂಟ್ಸಿನಲ್ಲಿ ಗುಂಡಿ ಹೊಲಿಯುತ್ತಿದ್ದವಳು, ಓದಲು ಬರುವುದಿಲ್ಲ. ನಾನು ಅಷ್ಟು ತಲೆ ಕೆಡಿಸಿಕೊಂಡು ಬರೆದ ಒಂದು ಅಕ್ಷರವೂ ಅವಳಿಗೆ ತಲುಪಿಲ್ಲ, ಬರೀ ಮೂಗು ಮೀಸೆ ನೋಡಿಯೇ ನಕ್ಕಿದ್ದಾಳೆ. ನಾನು ಯಾರಿಗೆ ಕೈ ಬೀಸುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು. ಸಿಸ್ಟರ್ ಹತ್ತಿರ, "ಹೇಳಬೇಡಿ ಸಿಸ್ಟರ್, ಹೇಳಿದರೆ ಆ ತಾತ ಬರೋದು ನಿಲ್ಲಿಸ್ತಾರೆ" ಅಂದಳಂತೆ. ಸಿಸ್ಟರಿಗೆ ಯಾವ ತಾತ ಅಂತ ಆಗ ಗೊತ್ತಾಗಲಿಲ್ಲ, ಗೊತ್ತಾದದ್ದು ನಾನು ಸ್ಟೂಲಿನ ಮೇಲೆ ಕೂತಾಗಲೇ. ಹೊರಡುವಾಗ ಅವರೂ ಒಂದು ಮಾತು ಹೇಳಿದರು, ಹೇಳಬಾರದು ಅಂದುಕೊಂಡೇ ಹೇಳಿದ ಹಾಗಿತ್ತು: ನೀವು ಬಂದ ದಿನ ಮಾತ್ರ ಆಯಮ್ಮ ಊಟ ಮಾಡೋದು. ಇಲ್ಲಿ ಒಬ್ಬಳು ನಾನು ಬಂದೆ ಅಂತ ಉಣ್ಣುತ್ತಾಳೆ, ಗೋಡೆಯ ಆಚೆ ಇನ್ನೊಬ್ಬಳು ನಾನು ಬರಲಿಲ್ಲ ಅಂತ ಮಾತ್ರೆ ಉಗಿಯುತ್ತಾಳೆ. ಬಸ್ಸು ಬಿಡಲಿಲ್ಲ, ಬಿಡಲಾಗಲಿಲ್ಲ. ಈ ವಯಸ್ಸಿನಲ್ಲಿ ಎರಡು ಸಂಸಾರ ಮಾಡಿದ ಅಂತ ನೀನು ನಾಲ್ಕು ಜನರ ಮುಂದೆ ಬೈದರೂ ಪರವಾಗಿಲ್ಲ, ಬೈಯಲಿಕ್ಕೆ ಎದ್ದು ಬಾ.

ನಿನ್ನ ಕಡೆಗೂ ದಾರಿ ಹುಡುಕಿದೆ. ಹಿಂದಿನ ವಾರ್ಡಿನ ಎದುರಿಗೆ ಮಣ್ಣಿನ ದಿಬ್ಬ ಇದೆಯಲ್ಲ, ಅದರ ಮೇಲೆ ಲೋಕಲ್ ರೈಲು ಓಡುತ್ತದೆ. ಈ ವಾರವೆಲ್ಲ ಅದರಲ್ಲೇ ಹೋಗಿ ಬಂದು ಮಾಡಿದ್ದೇನೆ. ಎಲ್ಲ ರೈಲೂ ನಿನ್ನ ಕಿಟಕಿಯನ್ನು ಬಳಿದು ಹಾಕಿದ ಹಾಗೆ ದಾಟಿ ಹೋಗುತ್ತವೆ, ನನ್ನ ರಟ್ಟಿನ ಮೂಗು ಹೊರಗೆ ತೆಗೆಯುವಷ್ಟರಲ್ಲಿ ಆಸ್ಪತ್ರೆ ಮುಗಿದು ಮರದ ಅಡ್ಡೆ ಬಂದಿರುತ್ತದೆ. ಒಂದು ರೈಲು ಮಾತ್ರ ಹಾಗಲ್ಲ. ಬೆಳಿಗ್ಗೆ ಆಫೀಸಿನವರ ರೈಲು, ಮುಂದಿನ ಸ್ಟೇಷನ್ನಿನಲ್ಲಿ ಜಾಗ ಖಾಲಿಯಾಗದೆ ದಿನವೂ ಸರಿಯಾಗಿ ನಿಮ್ಮ ವಾರ್ಡಿನ ಹಿಂದೆ ಬಂದು ನಿಂತುಬಿಡುತ್ತದೆ. ಒಳಗಿರುವವರೆಲ್ಲ ಅದನ್ನು ಹಳಿಯುತ್ತಾರೆ, ಹಳಿ ಮೇಲೆ ನಿಂತದ್ದನ್ನು ಹಳಿಯದೆ ಇನ್ನೇನು ಮಾಡಿಯಾರು. ಇಡೀ ರೈಲಿನಲ್ಲಿ ತಡವಾಗಲಿ ಅಂತ ಬೇಡಿಕೊಳ್ಳುವವನು ನಾನೊಬ್ಬನೇ. ಅಲ್ಲಿ ಸೀಟೂ ಇಲ್ಲ, ಕಂಡಕ್ಟರಮ್ಮನೂ ಇಲ್ಲ. ಬಾಗಿಲ ಕಂಬಿಗೆ ಜೋತುಬಿದ್ದು ಹತ್ತು ಜನರ ಮೊಣಕೈಗೆ ಪಕ್ಕೆ ಕೊಟ್ಟು ನಿಲ್ಲಬೇಕು, ರಟ್ಟು ಎರಡು ಸಲ ಮುರಿದುಹೋಯಿತು. ಟೈ ಕಟ್ಟಿದವನೊಬ್ಬ ನನ್ನ ಕೋಲು ಅವನ ಕಾಲಿಗೆ ತಗುಲಿದ್ದಕ್ಕೆ, "ಈ ಹೊತ್ತಲ್ಲಿ ನಿಮಗೇನು ಕೆಲಸ ತಾತ, ಮನೇಲಿ ಕೂರಬಾರದಾ" ಅಂದ. ಹೆಂಡತಿಯನ್ನು ನೋಡಲು ಹೋಗುತ್ತಿದ್ದೇನೆ ಅಂದೆ. ಯಾವ ಸ್ಟೇಷನ್ನು ಅಂತ ಕೇಳಿದ. "ಸ್ಟೇಷನ್ನಲ್ಲಪ್ಪ, ಸಿಗ್ನಲ್ಲು" ಅಂದೆ. ತಮಾಷೆ ಅಂದುಕೊಂಡು ನಕ್ಕ. ರೈಲು ನಿಂತ ಮೇಲೆ ನಾನು ಎತ್ತ ನೋಡುತ್ತಿದ್ದೇನೆ ಅಂತ ತಾನೂ ನೋಡಿ, ಆಮೇಲೆ ತನ್ನ ಬೆನ್ನಿನಿಂದ ಜನರನ್ನು ತಡೆದು ನನಗೆ ಬಾಗಿಲಲ್ಲಿ ಜಾಗ ಮಾಡಿಕೊಟ್ಟ.

ನಿನ್ನನ್ನು ನೋಡಿದೆ. ನಿನ್ನೆ ನೋಡಿದೆ. ಕಂಬದ ಪಕ್ಕದ ಮಂಚ, ಬಿಳಿ ಹೊದಿಕೆ, ಗೋಡೆಗೆ ಮುಖ ಮಾಡಿದ ಒಂದು ಬೆನ್ನು. ಈ ಸಲ ಶಾಲು ನಂಬಿಲ್ಲ, ಬೆನ್ನು ನಂಬಿದ್ದೇನೆ. ಮುನಿಸಿಕೊಂಡು ನೀನು ತಿರುಗಿಸಿದ ಆ ಬೆನ್ನಿನ ಜೊತೆ ನಾನು ಎಷ್ಟು ಸಲ ರಾಜಿಗೆ ಕೂತಿದ್ದೇನೆ, ಅದರ ಇಳಿಜಾರೆಲ್ಲ ನನಗೆ ಬಾಯಿಪಾಠ. ತುಂಬಾ ಸಣ್ಣದಾಗಿದೆ. ಬರಬಾರದ ಒಂದು ಯೋಚನೆ ಬಂತು, ಬರೆಯುವುದಿಲ್ಲ. ರೈಲು ಹೊರಡುವ ತನಕ ಕೈ ಬೀಸುತ್ತಲೇ ಇದ್ದೆ, ಪಕ್ಕದ ಕಿಟಕಿಯ ಮುದುಕಪ್ಪನೊಬ್ಬ ನನಗೆ ವಾಪಸು ಬೀಸಿದ. ಇನ್ನೊಬ್ಬರು ಗಂಟುಬಿದ್ದರಲ್ಲ ಅಂತ ಗಾಬರಿಯಾಯಿತು.

ಆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಬಾಯಿ ಕಹಿಯಾಗುತ್ತದೆ, ಅದು ಸುಳ್ಳು ಅಂತ ಹೇಳುವುದಿಲ್ಲ. ದೊಡ್ಡ ಮಾತ್ರೆ ನುಂಗಲು ಆಗದಿದ್ದರೆ ಪುಡಿ ಮಾಡಿ ಕೊಡಬಹುದಾ ಅಂತ ಸಿಸ್ಟರನ್ನು ಕೇಳಿದ್ದೇನೆ, ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ನಾನು ಬಂದಿರಲಿಲ್ಲ ಅನ್ನುವ ಕಾರಣಕ್ಕೆ ಬಿಟ್ಟಿದ್ದಾದರೆ, ಆ ಕಾರಣ ಈಗ ಇಲ್ಲ. ಬೇರೆ ಕಾರಣ ಇದ್ದರೆ ಅದನ್ನು ಮನೆಗೆ ಬಂದು ಹೇಳು, ಜಗಳ ಆಡೋಣ. ಜೀವನವಿಡೀ ನಾನು ಯಾರನ್ನೂ ಗಂಭೀರವಾಗಿ ಏನೂ ಕೇಳಿದವನಲ್ಲ, ಅಭ್ಯಾಸ ಇಲ್ಲದ್ದಕ್ಕೆ ಸರಿಯಾಗಿ ಕೇಳಲು ಬರುತ್ತಿಲ್ಲ. ದಮ್ಮು ಕಟ್ಟಿದವಳಿಗೆ ದಮ್ಮಯ್ಯ ಅನ್ನುತ್ತಿದ್ದೇನೆ, ಇದನ್ನು ಮಾತ್ರ ಜೋಕು ಅಂದುಕೊಳ್ಳಬೇಡ.

ಮಗಳು ಮುತ್ತು ಕಳಿಸಿದ್ದಾಳೆ. ಕಂಡಕ್ಟರಮ್ಮ ಕೇಳಿದೆ ಅಂತ ಹೇಳಿ ಅಂದಳು. ಸಿಡುಕನೂ ಗುರ್ ಅಂದ, ಅದು ಅವನ ಭಾಷೆಯಲ್ಲಿ ಬೇಗ ಹುಷಾರಾಗಲಿ ಅಂತ. ನಿನಗೆ ನನ್ನ ಆಯಸ್ಸಿನಲ್ಲಿ ಉಳಿದಿದ್ದರಲ್ಲಿ ದೊಡ್ಡ ಪಾಲು ಬರಲಿ, ಸಣ್ಣ ಪಾಲು ನನಗಿರಲಿ, ಇಬ್ಬರದೂ ಒಂದೇ ದಿನ ಮುಗಿಯುವ ಹಾಗೆ ಲೆಕ್ಕ ನೀನೇ ಹಾಕು.

ಎಂದೆಂದಿಗೂ ನಿನ್ನ
'ರೀ'

ಮತ್ತೆ ಬರೆದದ್ದು, ಶುಕ್ರವಾರ, ಆಸ್ಪತ್ರೆ ಗೇಟಿನ ಸ್ಟೂಲಿನ ಮೇಲೆ. ಸಿಸ್ಟರ್ ಈಗ ಬರುತ್ತಾರೆ, ಅಷ್ಟರಲ್ಲಿ ಮುಗಿಸಬೇಕು. ಇವತ್ತು ಬಸ್ಸಿನಲ್ಲೇ ಬಂದೆ. ಮೊದಲ ಸಲ ಅವಳಿಗೇ ಅಂತ ಒಂದು ರಟ್ಟು ಮಾಡಿದ್ದೆ. ಓದಲು ಬರುವುದಿಲ್ಲವಲ್ಲ, ಅದಕ್ಕೆ ಬರೀ ಚಿತ್ರ: ಹಳದಿ ಶಾಲು ಹೊದ್ದ ಒಬ್ಬ ಹೆಂಗಸು, ತಲೆ ಮೇಲೆ ಕಿರೀಟ. ನೀವು ಯಾರು ಅಂತ ಗೊತ್ತು, ಶಾಲು ನಿಮಗೇ ಇರಲಿ ಅಂತ ಅರ್ಥವಾದೀತು ಅಂದುಕೊಂಡಿದ್ದೆ. ಸಿಗ್ನಲ್ಲು ಕೆಂಪಾಯಿತು. ಕಿಟಕಿ ತೆರೆದಿತ್ತು, ಯಾವತ್ತೂ ತೆರೆದಿದ್ದನ್ನು ನಾನು ನೋಡಿರಲಿಲ್ಲ. ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಶಾಲು ಕಿಟಕಿ ಸರಳಿಗೆ ಒಣಗಲು ಹಾಕಿತ್ತು. ನನ್ನ ಮುಖದ ಮೇಲೆ ರಟ್ಟಿನ ಮೂಗಿತ್ತು, ತೆಗೆಯಲೂ ತೋಚಲಿಲ್ಲ. ದೀಪ ಹಸಿರಾಯಿತು, ಕಂಡಕ್ಟರಮ್ಮ ಗಂಟೆ ಹೊಡೆಯಲಿಲ್ಲ, ಹಿಂದಿನವರು ಎಷ್ಟು ಹಾರನ್ನು ಹೊಡೆದರೂ ಹೊಡೆಯಲಿಲ್ಲ. ಕೊನೆಗೆ ನಾನೇ ಹೊರಡಮ್ಮ ಅಂದೆ. ನಿನಗೆ ಇದನ್ನು ತಿಳಿಸಬಾರದು ಅಂತ ಗೇಟಿನ ಮೀಸೆಯವನು ಹೇಳುತ್ತಿದ್ದಾನೆ. ಯಾರ ಬಾಯಿಂದಲೋ ಕೇಳುವುದಕ್ಕಿಂತ ನನ್ನಿಂದ ಕೇಳು. ನಿನ್ನ ಶಾಲಿನಲ್ಲಿ ಬೆಚ್ಚಗೆ ಇದ್ದಳು, ನಗುತ್ತಿದ್ದಳು. ನಾಳೆ ಬೆಳಿಗ್ಗೆ ಡಾಕ್ಟರು ಬಂದು ಹೋದ ಮೇಲೆ, ಗಂಜಿ ಬರುವ ಮುಂಚೆ ಆ ರೈಲು ನಿಲ್ಲುತ್ತದೆ. ಬಾಗಿಲಲ್ಲಿ ಇರುತ್ತೇನೆ. ಇನ್ನೊಂದು ಸುತ್ತಿಟ್ಟ ಹಾಸಿಗೆ ನೋಡುವ ಶಕ್ತಿ ನನಗಿಲ್ಲ ಕಣೇ. ಮಾತ್ರೆ ನುಂಗು, ಗೋಡೆ ಬಿಟ್ಟು ಈ ಕಡೆ ತಿರುಗು. ಬೆರಳು ಅಲ್ಲಾಡಿಸು, ಕಿವಿ ಹಿಂಡು, ಹಲ್ಲು ಕಡಿ, ಏನು ಬೇಕಾದರೂ ಮಾಡು. ಚಪ್ಪಾಳೆ ಮಾತ್ರ ತಟ್ಟಬೇಡ.